ಮೈನ್ ಸ್ವಿಚ್ ಇನ್ನು ಹೊರಗೋಡೆಗೆ

ಆತ್ಮೀಯ ಗ್ರಾಹಕರಿಗೆ ನಮಸ್ಕಾರ.

ಇನ್ನು ಮುಂದೆ ನಾವು ವೈರಿಂಗ್ ಮಾಡುವ ಅಂಗಡಿ, ಆಫೀಸು, ಗೋದಾಮುಗಳಲ್ಲಿ ಮೈನ್ ಸ್ವಿಚ್ಚನ್ನು ಹೊರಗೋಡೆಯ ಮೇಲೆ, ಸರ್ವೀಸ್ ಕೇಬಲ್ (ವಿದ್ಯುತ್ ಕಂಪನಿಯಿಂದ ಕರೆಂಟ್ ತರುವ ಕೇಬಲ್) ಕಟ್ಟಡದೊಳಗೆ ನುಗ್ಗುವ ಜಾಗದಲ್ಲೇ ಕೂರಿಸುತ್ತೇವೆ. ಇಷ್ಟು ದಿನ ಮಾಲೀಕರು ತೋರಿಸಿದ ಕಡೆ ಕೂರಿಸುತ್ತಿದ್ದೆವು. ಜಾಸ್ತಿ ಜನ ತೋರಿಸುತ್ತಿದ್ದದ್ದು ಮೆಟ್ಟಿಲ ಕೆಳಗಿನ ಮೂಲೆ, ಇಲ್ಲವೇ ಸ್ಟೋರ್ ರೂಮು.

ಕಾರಣ ಹೇಳುತ್ತೇವೆ. ಮೈನ್ ಸ್ವಿಚ್ ತಲುಪುವವರೆಗಿನ ಕೇಬಲ್‌ಗೆ ನಿಮ್ಮ ಕಟ್ಟಡದ ಯಾವ ಬ್ರೇಕರಿನ (ತೊಂದರೆಯಾದಾಗ ತಾನೇ ಕರೆಂಟ್ ಕಡಿಯುವ ಸ್ವಿಚ್) ಕಾವಲೂ ಇರುವುದಿಲ್ಲ. ಅಲ್ಲಿ ಶಾರ್ಟ್ ಆದರೆ ಹಾರಬೇಕಾದ್ದು ವಿದ್ಯುತ್ ಕಂಪನಿಯ ಕಡೆಯ ದೊಡ್ಡ ಫ್ಯೂಸು. ಅದು ಹಾರುವುದು ತಡವಾಗಬಹುದು, ಅಷ್ಟರಲ್ಲಿ ಕೇಬಲ್ ಕಾದು ಹೊತ್ತಿಕೊಳ್ಳಬಹುದು. ಅಂಥ ಕೇಬಲ್ ಫಾಲ್ಸ್ ಸೀಲಿಂಗ್ ಮೇಲೆ ಕಟ್ಟಡದ ಉದ್ದಕ್ಕೂ ಓಡುವುದು ನಮಗೆ ಸರಿ ಕಾಣುವುದಿಲ್ಲ. ಇನ್ನೊಂದು, ಬೆಂಕಿ ಬಿದ್ದ ದಿನ. ನೀರು ಹೊಡೆಯುವ ಮೊದಲು ಕರೆಂಟ್ ತೆಗೆಯಬೇಕು. ಹೊಗೆ ತುಂಬಿದ ಸ್ಟೋರ್ ರೂಮಿನಲ್ಲಿ ರಟ್ಟಿನ ಡಬ್ಬಗಳನ್ನು ಸರಿಸುತ್ತಾ ಯಾರಾದರೂ ಸ್ವಿಚ್ ಹುಡುಕಬೇಕಾ?

ದಾರಿಯಲ್ಲಿ ಹೋಗುವವರು ಸುಮ್ನೆ ಆಫ್ ಮಾಡಿದರೆ ಅಂತ ಹಲವರು ಕೇಳಿದ್ದೀರಿ. ಮಳೆ, ಧೂಳು ತಡೆಯುವ ಪೆಟ್ಟಿಗೆಗೆ ಬೀಗ ಇರುತ್ತದೆ. ಅದು ಚಿಕ್ಕ ಬೀಗವೇ ಇರಲಿ, ಆಪತ್ತಿನಲ್ಲಿ ಒಡೆಯುವಂತಿರಬೇಕು. ರಿಪೇರಿ ಮಾಡುವಾಗ ಹಿಡಿಯನ್ನು ಆಫ್‌ನಲ್ಲೇ ನಿಲ್ಲಿಸಿ ಬೀಗ ಹಾಕುವ ಅನುಕೂಲವೂ ಇದೆ. ಒಳಗೆ ಕೆಲಸ ಮಾಡುವ ಹುಡುಗನ ಜೀವಕ್ಕೆ ಅದೇ ಭದ್ರತೆ.

ಹಿಡಿ ನೆಲದಿಂದ 2 ಮೀಟರ್‌ಗಿಂತ ಮೇಲೆ ಹೋಗಬಾರದು. ಎದುರಿಗೆ 1 ಮೀಟರ್ ಖಾಲಿ ಬಿಡಬೇಕು, ಅಲ್ಲಿ ಬೈಕ್ ನಿಲ್ಲಿಸಬೇಡಿ. ನೀರು ನಿಲ್ಲುವ ಕಡೆ, ಗ್ಯಾಸ್ ಸಿಲಿಂಡರ್ ಪಕ್ಕ ನಾವು ಹಾಕುವುದಿಲ್ಲ. ಹೊರಗೆ ಜಾಗವೇ ಇಲ್ಲದಿದ್ದರೆ ಬಾಗಿಲಿನ ಒಳಗೆ, ಕೇಬಲ್ ಬರುವ ಗೋಡೆಗೆ ಅಂಟಿಕೊಂಡಂತೆ ಹಾಕುತ್ತೇವೆ.

ಒಂದು ಮಾತು ನೆನಪಿರಲಿ. ಮೈನ್ ಆಫ್ ಮಾಡಿದರೂ ಅದಕ್ಕೆ ಬರುವ ಕೇಬಲ್‌ನಲ್ಲಿ ಕರೆಂಟ್ ಇದ್ದೇ ಇರುತ್ತದೆ. ಜನರೇಟರ್, ಯುಪಿಎಸ್, ಸೋಲಾರ್ ಬ್ಯಾಟರಿ ಇದ್ದರೆ ಅವುಗಳ ಸ್ವಿಚ್ ಬೇರೆ. ಅವು ಎಲ್ಲಿವೆ ಅಂತ ಮೈನ್ ಪೆಟ್ಟಿಗೆ ಮೇಲೇ ಬರೆದು ಅಂಟಿಸುತ್ತೇವೆ. ಬೆಂಕಿ ಆರಿಸುವ ಪಂಪಿನ ಲೈನ್ ಮಾತ್ರ ಮೈನ್‌ಗಿಂತ ಮೊದಲೇ ಕವಲೊಡೆಯುತ್ತದೆ, ಅದು ನಿಲ್ಲಬಾರದು ಅಲ್ವಾ.

ಹೊರಗಿನ ಪೆಟ್ಟಿಗೆಗೆ ಖರ್ಚು ಸ್ವಲ್ಪ ಜಾಸ್ತಿ. ಹಳೆಯ ಕಟ್ಟಡದವರು ಈಗಲೇ ಗೋಡೆ ಒಡೆಸಬೇಕಿಲ್ಲ. ಲೋಡ್ ಹೆಚ್ಚಿಸುವಾಗಲೋ ಬ್ರೇಕರ್ ಪ್ಯಾನೆಲ್ ಬದಲಿಸುವಾಗಲೋ ಸ್ಥಳಾಂತರ ಮಾಡೋಣ. ಹೊಸದಾಗಿ ಕಟ್ಟಿಸುತ್ತಿರುವವರು ಪ್ಲಾಸ್ಟರಿಂಗ್‌ಗೆ ಮುಂಚೆ ನಮ್ಮನ್ನು ಕರೆಯಿರಿ, ಜಾಗ ಗುರುತು ಹಾಕಿಕೊಡುತ್ತೇವೆ.

ಇಂತಿ ನಿಮ್ಮ,
ವೈರಿಂಗ್ ತಂಡ