ಗಾಳಿ ಇಲ್ಲದ ದಿನ ಹಾಯಿದೋಣಿ ರೇಸು

ಹಾಸನ
ಭಾನುವಾರ ರಾತ್ರಿ

ಪ್ರೀತಿಯ ಶಿವು,

ಹಾಯಿದೋಣಿ ರೇಸಿಗೆ ಹೋಗುತ್ತಿದ್ದೇನೆ ಅಂತ ಫೋನಿನಲ್ಲಿ ಹೇಳಿದಾಗ ನೀನು ಬಿದ್ದು ಬಿದ್ದು ನಕ್ಕೆ. ಆಮೇಲೆ, "ಗಾಳಿ ಬೀಸದಿದ್ದರೆ ಏನ್ ಮಾಡ್ತೀಯೋ, ಇಳಿದು ತಳ್ತೀಯಾ?" ಅಂದೆ. ನಿನ್ನ ಬಾಯಿಗೆ ಸಕ್ಕರೆ ಹಾಕ. ನಿಜವಾಗಿಯೂ ಗಾಳಿ ಬೀಸಲಿಲ್ಲ. ಆ ಕತೆ ಹೇಳೋಕೇ ಈ ಪತ್ರ. ನಮ್ಮ ಕ್ಲಾಸಿನವರೂ ಓದಿ ನಗಲಿ ಅಂತ ಎಲ್ಲರಿಗೂ ಕಾಣುವ ಹಾಗೇ ಹಾಕುತ್ತಿದ್ದೇನೆ.

ಮೈಸೂರಿನ ಅಕ್ಕನ ಮಗಳು ಪುಟ್ಟಿ ಗೊತ್ತಲ್ಲ, ಈಗ ಪಿಯುಸಿ. ಎರಡು ವರ್ಷದಿಂದ ಕನ್ನಂಬಾಡಿ ಹಿನ್ನೀರಿನಲ್ಲಿ ಹಾಯಿದೋಣಿ ಕಲಿಯುತ್ತಿದ್ದಾಳೆ. ಅವಳು ನಡೆಸುವುದು ಇಬ್ಬರ ದೋಣಿ. ರೇಸಿನ ಹಿಂದಿನ ದಿನ ಅವಳ ಜೊತೆಗಾತಿಗೆ ಜ್ವರ ಬಂತು. ರಾತ್ರಿ ಫೋನ್ ಮಾಡಿ, "ಮಾಮ, ನಿನಗೆ ಈಜು ಬರುತ್ತೆ ಅಲ್ವಾ? ಸುಮ್ನೆ ಕೂತಿರೋಕೆ ಬರುತ್ತಾ?" ಅಂದಳು. ಎರಡಕ್ಕೂ ಹೂಂ ಅಂದೆ. ಎರಡನೆಯದು ಸುಳ್ಳು ಅಂತ ನಿನಗೆ ಗೊತ್ತು.

ಹಾಸನಾಂಬೆಯ ಬಾಗಿಲು ಹಾಕಿ ಎರಡು ವಾರ ಆಗಿತ್ತು. ಬೆಳಗಿನ ಜಾವ ಮಂಜೋ ಮಂಜು. ಹೊಳೆನರಸೀಪುರ, ಭೇರ್ಯ, ಕೆ.ಆರ್. ನಗರ ದಾಟಿ ಇಲವಾಲದ ಹತ್ತಿರ ಒಳಗೆ ತಿರುಗಿದರೆ ಎದುರಿಗೆ ನೀರು. ಅಣೆಕಟ್ಟು ತುಂಬಿದರೆ 124.80 ಅಡಿ ಅಂತ ಪೇಪರಿನಲ್ಲಿ ಓದುತ್ತಿರುತ್ತೇವಲ್ಲ, ಆ ಅಡಿಗಳನ್ನೆಲ್ಲ ಉದ್ದಗಲಕ್ಕೆ ಹಾಸಿದಂತಿತ್ತು. ದಡದಲ್ಲಿ ನಿಂತಾಗ ಒಂದು ವಿಷಯ ಹೊಳೆಯಿತು. ಮೂಡಿಗೆರೆ ಕಡೆ ಹುಟ್ಟಿದ ನಮ್ಮ ಹೇಮಾವತಿ ಗೊರೂರು ದಾಟಿ, ಅಕ್ಕಿಹೆಬ್ಬಾಳಿನ ಹತ್ತಿರ ಕಾವೇರಿಯನ್ನು ಸೇರಿ ಈ ಹಿನ್ನೀರಿಗೇ ಬರುತ್ತಾಳೆ. ಗೊರೂರಿನಲ್ಲಿ ನಾವು ಬಾಳೆದಿಂಡಿನ ತೆಪ್ಪ ಮುಳುಗಿಸಿಕೊಂಡು ಒದೆ ತಿಂದೆವಲ್ಲ, ಅದೇ ಹೊಳೆಯ ನೀರು. ಇಲ್ಲಾದರೂ ಮಾನ ಉಳಿಸಮ್ಮ ಅಂದುಕೊಂಡೆ.

ದೋಣಿಯ ಹೆಸರು ಎಂಟರ್‌ಪ್ರೈಸ್. ಜಾಕ್ ಹೋಲ್ಟ್ ಅನ್ನುವ ಇಂಗ್ಲೆಂಡಿನವನು 1956ರಲ್ಲಿ ರೂಪಿಸಿದ್ದಂತೆ. ನಾಲ್ಕು ಮೀಟರಿಗಿಂತ ಚೂರು ಜಾಸ್ತಿ ಉದ್ದ. ಹಾಯಿ ಎರಡು, ದೊಡ್ಡದೊಂದು, ಮುಂದೆ ಜಿಬ್ ಅನ್ನುವ ಚಿಕ್ಕದೊಂದು. ಚುಕ್ಕಾಣಿ ಮತ್ತು ದೊಡ್ಡ ಹಾಯಿ ಪುಟ್ಟಿಯದು. ಜಿಬ್‌ನ ಹಗ್ಗ ಮತ್ತು ನನ್ನ 78 ಕೆ.ಜಿ. ಮೈ ನನ್ನ ಜವಾಬ್ದಾರಿ. ಎರಡನೆಯದೇ ಕಷ್ಟದ್ದು ಅಂತ ಆಮೇಲೆ ತಿಳಿಯಿತು.

ಒಟ್ಟು ಒಂಬತ್ತು ದೋಣಿ. ಒಂಬತ್ತು ಗಂಟೆಗೆ ಶುರುವಾಗಬೇಕಿತ್ತು. ಗಾಳಿಯೇ ಇಲ್ಲ. ರೇಸು ನಡೆಸುವವರ ದೋಣಿಯಲ್ಲಿ ಕೆಂಪು ಬಿಳಿ ಪಟ್ಟೆಯ ಬಾವುಟ ಏರಿತು. ಹಾಗೆಂದರೆ ಮುಂದಕ್ಕೆ ಹಾಕಿದ್ದಾರೆ, ಕಾಯಿರಿ. ಕಾಯ್ದೆವು. ಹತ್ತಾಯಿತು, ಹತ್ತೂವರೆ ಆಯಿತು. ನನಗೆ ನಿಮ್ಮ ಮನೆ ಕಣ ನೆನಪಾಯಿತು ಕಣೋ. ರಾಗಿ ತೂರುವ ದಿನ ನಿಮ್ಮ ಅಜ್ಜ ಮೊರ ಕೆಳಗಿಟ್ಟು ಕಂಬಳಿಯ ಮೇಲೆ ಕೂತಿರುತ್ತಿದ್ದರು. ಆಗಾಗ ಒಂದು ಚಿಟಿಕೆ ಹೊಟ್ಟು ಎತ್ತಿ ಬಿಡುತ್ತಿದ್ದರು. ನೇರ ಕೆಳಗೆ ಬಿದ್ದರೆ ಮತ್ತೆ ಎಲೆ ಅಡಿಕೆ. ನಾವು ಮಾತ್ರ ಸುತ್ತ ಕುಣಿದು ಬೈಸಿಕೊಳ್ಳುತ್ತಿದ್ದೆವು. ಇಲ್ಲಿ ಎಲ್ಲರೂ ನಿಮ್ಮಜ್ಜನ ಹಾಗೆ ಕೂತಿದ್ದರು. ಚಡಪಡಿಸುತ್ತಿದ್ದವನು ನಾನೊಬ್ಬನೇ.

ಕೊನೆಗೂ 3 ನಾಟ್ ಗಾಳಿ ಬಂತು. ಗಂಟೆಗೆ ಐದೂವರೆ ಕಿಲೋಮೀಟರು. ನಮ್ಮ ಮಹಾರಾಜ ಪಾರ್ಕಿನಲ್ಲಿ ಶುಗರ್ ಇರುವವರು ಇದಕ್ಕಿಂತ ಬಿರುಸಾಗಿ ನಡೆಯುತ್ತಾರೆ. ಐದು ನಿಮಿಷ ಬಾಕಿ ಇದ್ದಾಗ ಒಂದು ಬಾವುಟ ಏರಿತು, ನಾಲ್ಕು ನಿಮಿಷಕ್ಕೆ ಇನ್ನೊಂದು. ಒಂದು ನಿಮಿಷಕ್ಕೆ ಎರಡನೆಯದು ಇಳಿಯಿತು. ಮೊದಲನೆಯದೂ ಇಳಿದ ತಕ್ಷಣ ರೇಸು ಶುರು. ನಾನು ಜೋರಾಗಿ ಮುಂದೆ ಬಗ್ಗಿದೆ. ದೋಣಿ ಅಲ್ಲಾಡಿತು, ಹಾಯಿ ಜೋತುಬಿತ್ತು. "ಮಾಮಾ!" ಅಂತ ಒಂದೇ ಮಾತು. ಅಕ್ಕನದೇ ದನಿ.

ಸಾಮಾನ್ಯ ಗಾಳಿಯಲ್ಲಿ ಇಬ್ಬರೂ ಗಾಳಿ ಬರುವ ಕಡೆಯ ಅಂಚಿನಲ್ಲಿ ಕೂತು ದೋಣಿ ಮಗುಚದಂತೆ ತೂಕ ಕೊಡುತ್ತಾರೆ. ಟಿವಿಯಲ್ಲಿ ನೋಡಿದ್ದೀಯ. ಗಾಳಿ ಸತ್ತ ದಿನ ಎಲ್ಲ ಉಲ್ಟಾ. ನಾನು ಹಾಯಿ ವಾಲಿದ ಕಡೆಗೆ ಹೋಗಿ, ಕಂಬದ ಬುಡದಲ್ಲಿ ಮುದುರಿ ಕೂರಬೇಕು. ಆಗ ದೋಣಿ ಸ್ವಲ್ಪ ಓರೆಯಾಗುತ್ತದೆ. ಹಾಯಿ ತನ್ನ ಭಾರಕ್ಕೇ ಕೆಳಗೆ ಜೋಲಿ, ಉಬ್ಬಿ ನಿಲ್ಲುತ್ತದೆ. ಅದನ್ನು ಉಬ್ಬಿಸುವ ಕೆಲಸ ಗಾಳಿಗೆ ಇರುವುದಿಲ್ಲ. ನೀರಿಗೆ ತಾಗುವ ತಳವೂ ಕಡಿಮೆಯಾಗುತ್ತದೆ. ಮುಂದೆ ಕೂತರೆ ದೋಣಿಯ ಚಪ್ಪಟೆ ಹಿಂಭಾಗ ನೀರಿನಿಂದ ಮೇಲೇಳುತ್ತದೆ. ಹಿಂದೆ ಗುಳುಗುಳು ಸದ್ದು ಬಂತೋ, ಬ್ರೇಕು ಹಿಡಿದಿದೆ ಅಂತ ಲೆಕ್ಕ. ಹಾಯಿಗೆ ಅಂಟಿಸಿದ ಉಲ್ಲನ್ ದಾರದ ಎಳೆಗಳನ್ನೇ ನೋಡುತ್ತಾ ಹಗ್ಗ ಹಿಡಿದಿರಬೇಕು. ಆಸೆಗೆ ಬಿದ್ದು ಜಾಸ್ತಿ ಎಳೆದರೆ ಇರುವ ಚೂರು ಗಾಳಿಯೂ ಹಾಯಿಯ ಮೇಲೆ ಹರಿಯುವುದಿಲ್ಲ. ಕೈಯಲ್ಲಿ ನೀರು ತಳ್ಳುವಂತಿಲ್ಲ, ದೋಣಿಯನ್ನು ಕುಲುಕುಲು ಅಲ್ಲಾಡಿಸಿ ಮುಂದೆ ಹೋಗುವಂತಿಲ್ಲ, ಎರಡಕ್ಕೂ ನಿಯಮ ಇದೆ. ನೀನು ಹೇಳಿದ ಹಾಗೆ ಇಳಿದು ತಳ್ಳುವುದಂತೂ ಬಿಡು.

ಗಾಳಿಗೆ ಎದುರಾಗಿ ನೇರ ಹೋಗಲು ಆಗುವುದಿಲ್ಲ. ಘಾಟಿ ರಸ್ತೆಯ ಹಾಗೆ ಅಡ್ಡಡ್ಡ ಹೋಗಿ ತಿರುಗುತ್ತಾ ಏರಬೇಕು. ಒಂದೊಂದು ತಿರುವಿಗೂ ವೇಗ ಸಾಯುತ್ತದೆ, ಹಾಗಾಗಿ ಪುಟ್ಟಿ ಜಿಪುಣಿಯಂತೆ ತಿರುಗಿಸುತ್ತಿದ್ದಳು. ನಡುವೆ ಎದುರಿನಿಂದ ಬಂದವನೊಬ್ಬ "ಸ್ಟಾರ್‌ಬೋರ್ಡ್!" ಅಂತ ಕೂಗಿದ. ನಮಸ್ಕಾರ ಹೇಳುತ್ತಿದ್ದಾನೆ ಅಂದುಕೊಂಡು ನಾನೂ ಕೈ ಎತ್ತಿದೆ. ಬಲಗಡೆಯಿಂದ ಗಾಳಿ ಪಡೆಯುವ ದೋಣಿಗೆ ಎಡಗಡೆಯವರು ದಾರಿ ಬಿಡಬೇಕಂತೆ. ಅವನು ದಾರಿ ಕೇಳುತ್ತಿದ್ದ.

ಅದಾದರೂ ಪರವಾಗಿಲ್ಲ. ಸುತ್ತಿ ಬರಬೇಕಾದ ಜಾಗ ತೋರಿಸಲು ನೀರಿನಲ್ಲಿ ತೇಲಿಬಿಟ್ಟ ಮೊದಲ ಗುರುತಿನ ಬುರುಡೆಯ ಹತ್ತಿರ ಬಂದಾಗ ನಾವು ನಾಲ್ಕನೆಯವರು. ಆ ಕಿತ್ತಳೆ ಬಣ್ಣದ ಬುರುಡೆ ಮೆಲ್ಲಗೆ ನನ್ನ ಪಕ್ಕಕ್ಕೇ ಬಂತು. ಬಸ್ಸಿನಲ್ಲಿ ನಿಂತು ಓಡಾಡಿದ ಮೈ ನೋಡು, ಕೈ ತಾನಾಗೇ ಹೋಗಿ ಅದನ್ನು ಹಿಡಿದುಕೊಂಡಿತು. ಗುರುತನ್ನು ದೋಣಿ ಮುಟ್ಟಿದರೂ ತಪ್ಪು, ಒಳಗಿರುವವರು ಮುಟ್ಟಿದರೂ ತಪ್ಪು. ದಂಡ ಏನೆಂದರೆ ಪೂರ್ತಿ ಒಂದು ಸುತ್ತು ಸುತ್ತಿ ಮುಂದೆ ಹೋಗಬೇಕು. ಗಾಳಿ ಇದ್ದರೆ ಅರ್ಧ ನಿಮಿಷದ ಕೆಲಸ. ಆ ದಿನ ಆ ಒಂದು ಸುತ್ತಿನಲ್ಲಿ ಮೂರು ದೋಣಿ ನಮ್ಮನ್ನು ದಾಟಿಹೋದವು. ಒಂದರಲ್ಲಿದ್ದ ಹುಡುಗ ಬಿಸ್ಕತ್ತು ತಿನ್ನುತ್ತಿದ್ದ. ಪುಟ್ಟಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಗಾಳಿಯ ಜೊತೆಗೇ ವಾಪಸು ಬರುವಾಗ ಮುಖಕ್ಕೆ ಗಾಳಿಯ ಸುಳಿವೇ ಇಲ್ಲ. ಗಾಳಿಯೂ ನಾವೂ ಒಂದೇ ಕಡೆಗೆ ತೆವಳುತ್ತಿದ್ದೆವು. ಬಿಸಿಲು ಸುಡುತ್ತಿತ್ತು. ಕಾಲು ಜೋಮು ಹಿಡಿದಿತ್ತು. ಅರ್ಧ ಗಂಟೆ ನಾನು ಮಾತಾಡಲಿಲ್ಲ ಶಿವು, ನಂಬು.

ಎರಡನೇ ಸಲ ಏರಬೇಕಾದಾಗ ಎಲ್ಲರೂ ಎಡಗಡೆಗೆ ಹೋದರು, ಮೊದಲ ಸಲ ಅಲ್ಲೇ ಗಾಳಿ ಸಿಕ್ಕಿತ್ತು. ಮುದುರಿ ಕೂತವನಿಗೆ ಕಾಣುವುದು ಬಲಗಡೆಯ ದಡ ಮಾತ್ರ. ಅಲ್ಲಿ ಯಾರೋ ಹೊಲದ ಕಸಕ್ಕೆ ಬೆಂಕಿ ಹಾಕಿದ್ದರು. ಬೆಳಗ್ಗೆಯಿಂದ ಊದುಬತ್ತಿಯ ಹಾಗೆ ನೆಟ್ಟಗೆ ಏಳುತ್ತಿದ್ದ ಹೊಗೆ ನೋಡನೋಡುತ್ತಲೇ ನೀರಿನ ಕಡೆಗೆ ಬಾಗಿತು. ನಿಮ್ಮಜ್ಜನ ಚಿಟಿಕೆ ಹೊಟ್ಟು! ತಲೆ ಎತ್ತದೆ, ಪಿಸುಮಾತಿನಲ್ಲಿ, "ಪುಟ್ಟಿ, ಹೊಗೆ ನೋಡು" ಅಂದೆ. ಅವಳು ಏನೂ ಕೇಳಲಿಲ್ಲ. ದೋಣಿ ಬಲಕ್ಕೆ ತಿರುಗಿತು.

ಮೊದಲು ಏನೂ ಆಗಲಿಲ್ಲ. ಆಮೇಲೆ ದೂರದಲ್ಲಿ ನೀರಿನ ಬಣ್ಣ ಒಂದು ಕಡೆ ಕಪ್ಪಾಯಿತು. ಸಣ್ಣ ಸಣ್ಣ ಅಲೆ, ನೀರಿಗೆ ಜುಮ್ಮೆಂದ ಹಾಗೆ. ಅದು ನಮ್ಮ ಹತ್ತಿರ ಬಂದು ಹಾಯಿಯೊಳಗೆ ಸದ್ದಿಲ್ಲದೆ ಕೂತಿತು. ಹಗ್ಗ ಕೈಯಲ್ಲಿ ಬಿಗಿಯಾಯಿತು. ದೋಣಿಯ ಮೂತಿಯಲ್ಲಿ ನೀರು ಚಿಲಿಪಿಲಿ ಅನ್ನತೊಡಗಿತು. ಎಡಗಡೆಗೆ ಹೋದವರು ಫೋಟೋದಲ್ಲಿ ನಿಂತ ಹಾಗೆ ನಿಂತಿದ್ದರು. ಬಿಸ್ಕತ್ತಿನ ಹುಡುಗನೂ ಅಲ್ಲೇ ಇದ್ದ.

ಗಾಳಿ ಮತ್ತೆ ಕೈಕೊಡಬಹುದು ಅಂತ ಮೇಲಿನ ಗುರುತಿನ ಹತ್ತಿರವೇ ರೇಸು ಮುಗಿಸುವ ಬಾವುಟ ಹಾರಿಸಿದರು, ಎರಡು ಸಲ ಸದ್ದು ಮಾಡಿದರು. ನಮಗೆ ಮೂರನೇ ಸ್ಥಾನ. ಇವರಲ್ಲಿ ಮೊದಲು ಬಂದವರಿಗೆ 1 ಪಾಯಿಂಟ್, ಮೂರನೆಯವರಿಗೆ 3, ಕಡಿಮೆ ಇದ್ದವರು ಗೆದ್ದ ಹಾಗೆ. ನಮ್ಮ ಕಾಲದ ಗಣಿತದ ಪರೀಕ್ಷೆಗೂ ಈ ಪದ್ಧತಿ ಇರಬೇಕಿತ್ತು.

ಮಧ್ಯಾಹ್ನ ಚಿತ್ರಾನ್ನ ತಿನ್ನುತ್ತಾ ಪುಟ್ಟಿಯ ಬಾಯಿ ಬಿಟ್ಟಿತು. 1982ರ ಏಷ್ಯನ್ ಗೇಮ್ಸ್‌ನಲ್ಲಿ ಫರೋಖ್ ತಾರಾಪೋರ್ ಮತ್ತು ಜರೀರ್ ಕರಂಜಿಯಾ ಇಬ್ಬರ ದೋಣಿಯಲ್ಲೇ ಚಿನ್ನ ಗೆದ್ದದ್ದು, 2018ರಲ್ಲಿ ವರುಣ್ ಠಕ್ಕರ್ ಜೊತೆ ಕಂಚು ಗೆದ್ದ ಕೇಳಪಂಡ ಗಣಪತಿಯ ಹೆಸರು ಕೊಡಗಿನದು ಅನ್ನುವುದು, ಎಲ್ಲ ಹೇಳಿದಳು. ಬುರುಡೆ ಹಿಡಿದುಕೊಂಡದ್ದನ್ನು ಮಾತ್ರ ಎತ್ತಲಿಲ್ಲ. ಸಂಜೆಯೊಳಗೆ ಅಕ್ಕನಿಗೆ ಹೇಗೋ ಗೊತ್ತಾಗಿತ್ತು.

ಈಗ ಮುಖ್ಯ ವಿಷಯ. ಮನೆ ತಲುಪುವಷ್ಟರಲ್ಲಿ ಪುಟ್ಟಿಯ ಮೆಸೇಜ್ ಬಂದಿತ್ತು. "ಮಾಮ, ಜನವರಿಯಲ್ಲಿ ಇನ್ನೊಂದು ರೇಸಿದೆ. ಹೊಗೆ ನೋಡೋಕೆ ಗೊತ್ತಿರೋ, ಆದರೆ ನಿನಗಿಂತ ಹಗುರ ಇರೋ ಫ್ರೆಂಡ್ ಯಾರಾದ್ರೂ ಇದಾರಾ?" ನಿನ್ನ ಹೆಸರು ಕೊಟ್ಟಿದ್ದೇನೆ. ನಿನ್ನ ತೂಕ ಎಷ್ಟು ಅಂತ ತಕ್ಷಣ ಬರಿ. ಮದುವೆಗೆ ಮುಂಚಿನದು ಬೇಡ, ಈಗಿನದು.

ನಿನ್ನ ಗೆಳೆಯ