ಸಾರ್ಕೊಪೀನಿಯ ಎಂದರೆ ಏನು?

ಉಡುಪಿ ಹಿರಿಯರ ಗುಂಪಿನ ಸದಸ್ಯರಿಗೆ ನಮಸ್ಕಾರ.

ಕೆಲವರ ವೈದ್ಯಕೀಯ ಚೀಟಿಯಲ್ಲಿ 'ಸಾರ್ಕೊಪೀನಿಯ' ಎಂದು ಬರೆದಿರುತ್ತದೆ. ವಯಸ್ಸಾದಂತೆ ಸ್ನಾಯು ಕರಗಿ ಬಲ ಕುಂದುವುದಕ್ಕೆ ಈ ಹೆಸರು. ಗ್ರೀಕಿನಲ್ಲಿ 'ಸಾರ್ಕ್ಸ್' ಎಂದರೆ ಮಾಂಸ, 'ಪೆನಿಯ' ಎಂದರೆ ಬಡತನ. ಅಮೆರಿಕದ ವೈದ್ಯ ಇರ್ವಿನ್ ರೋಸೆನ್‌ಬರ್ಗ್ 1989ರಲ್ಲಿ ಈ ಹೆಸರನ್ನು ಸೂಚಿಸಿದರು. ತೂಕ ಇಳಿಯದೆಯೂ ಇದು ಬರುತ್ತದೆ. ಸ್ನಾಯು ಹೋದಲ್ಲಿ ಕೊಬ್ಬು ತುಂಬಿಕೊಂಡಿರುತ್ತದೆ.

ಮನೆಯಲ್ಲೇ ಪರೀಕ್ಷಿಸಿ. ಗಟ್ಟಿ ಕುರ್ಚಿಯನ್ನು ಗೋಡೆಗೆ ತಾಗಿಸಿಡಿ. ಪ್ಲಾಸ್ಟಿಕ್ ಕುರ್ಚಿ ಬೇಡ, ಜಾರುತ್ತದೆ. ಕೈಗಳನ್ನು ಎದೆಗೆ ಕಟ್ಟಿಕೊಂಡು ಐದು ಸಲ ಪೂರ್ತಿ ಎದ್ದು ಕುಳಿತುಕೊಳ್ಳಿ. ಪಕ್ಕದಲ್ಲಿ ಒಬ್ಬರು ಇರಲೇಬೇಕು. 12 ಸೆಕೆಂಡ್ ಅಥವಾ ಹೆಚ್ಚು ಹಿಡಿದರೆ ವೈದ್ಯರಿಗೆ ತೋರಿಸಿ. ಮೊಣಗಂಟು ನೋವಿದ್ದರೂ ನಿಧಾನವಾಗುತ್ತದೆ, ಅದನ್ನು ಹೇಳಲು ಮರೆಯಬೇಡಿ. ಮೀನಖಂಡದ ಸುತ್ತಳತೆ ಗಂಡಸರಿಗೆ 34, ಹೆಂಗಸರಿಗೆ 33 ಸೆಂ.ಮೀ.ಗಿಂತ ಕಡಿಮೆಯಿದ್ದರೂ ಸಂಶಯವೇ. ಕಾಲು ಬಾತಿದ್ದರೆ ಈ ಅಳತೆ ನಂಬುವಂತಿಲ್ಲ.

ರಾತ್ರಿ ಬರೀ ಗಂಜಿ-ಉಪ್ಪಿನಕಾಯಿ ಉಣ್ಣುವವರು ದಯವಿಟ್ಟು ಗಮನಿಸಿ: ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 1ರಿಂದ 1.2 ಗ್ರಾಂ ಪ್ರೋಟೀನ್ ಬೇಕು. ಗಂಜಿ ಜೊತೆ ಹೆಸರುಕಾಳಿನ ಗಸಿಯೋ ಮೊಟ್ಟೆಯೋ ಬಂಗುಡೆಯೋ ಇರಲಿ. ಕಿಡ್ನಿ ತೊಂದರೆ ಇದ್ದವರು ವೈದ್ಯರನ್ನು ಕೇಳದೆ ಹೆಚ್ಚಿಸಬೇಡಿ. ವಾಕಿಂಗ್ ಒಂದೇ ಸಾಲದು, ವಾರಕ್ಕೆ ಎರಡು ಮೂರು ದಿನ ಸ್ನಾಯುಬಲದ ವ್ಯಾಯಾಮವೂ ಬೇಕು.