ಟಿಕೆಟ್ಟಿನ ಹಿಂದೆ ಬರೆದ ಬಾಕಿ

ಡಿಸೆಂಬರ್ 28ರ ಭಾನುವಾರ ರಾತ್ರಿ ಈ ವರ್ಷದ 24ನೇ ಪುಸ್ತಕ ಮುಗಿಯಿತು. 2025ರಲ್ಲಿ 24 ಕನ್ನಡ ಪುಸ್ತಕ ಓದುತ್ತೇನೆ ಅಂತ ಜನವರಿಯಲ್ಲಿ ಮನೆಯಲ್ಲಿ, ಆಫೀಸಿನಲ್ಲಿ, ಸಿಕ್ಕವರಿಗೆಲ್ಲ ಹೇಳಿದ್ದೆ. ಹಿಂದಿನ ಎರಡು ವರ್ಷವೂ ಹೀಗೇ ಹೇಳಿ ಆರೋ ಏಳೋ ಪುಸ್ತಕಕ್ಕೆ ನಿಂತುಹೋಗಿತ್ತು. ಈ ಸಲ ಕೈಹಿಡಿದು ನಡೆಸಿದವರು ತುಂಬಾ ಜನ. ಅವರಿಗೆ ಧನ್ಯವಾದ ಹೇಳದೆ ಹೊಸ ವರ್ಷದ ಪುಸ್ತಕ ತೆಗೆಯೋಕೆ ಮನಸ್ಸಾಗಲಿಲ್ಲ.

ಮೊದಲು ನಮ್ಮ ಅಪ್ಪ.

ಅಪ್ಪ ಸಿಟಿ ಬಸ್ಸಿನ ಕಂಡಕ್ಟರ್ ಆಗಿದ್ದರು. ಬಿಟಿಎಸ್ ಕಾಲದಲ್ಲಿ ಸೇರಿದವರು. 1997ರಲ್ಲಿ ಅದೇ ಬಿಎಂಟಿಸಿ ಆಯಿತು. ಡ್ಯೂಟಿ ಮುಗಿಸಿ ಬಂದು ಊಟಕ್ಕೆ ಮೊದಲು ಹತ್ತು ಪುಟವಾದರೂ ಓದುತ್ತಿದ್ದರು. ಪುಟದ ಗುರುತಿಗೆ ಅವರು ಇಡುತ್ತಿದ್ದದ್ದು ಹಳೇ ಬಸ್ ಟಿಕೆಟ್. ನನ್ನ ಗುರಿಯ ವಿಷಯ ಕೇಳಿದ ದಿನ ಅಮ್ಮ ಮಾರ್ಕೆಟ್ಟಿಗೆ ಹೋಗಿಬಂದ ಶಕ್ತಿ ಯೋಜನೆಯ ಟಿಕೆಟ್ ಒಂದನ್ನು ತಗೊಂಡು, ಹಿಂದೆ 'ಬಾಕಿ 24' ಅಂತ ಬರೆದು ನನ್ನ ಕೈಗೆ ಕೊಟ್ಟರು. ಬೆಂಗಳೂರಿನ ಬಸ್ಸಿನಲ್ಲಿ ಓಡಾಡಿದವರಿಗೆ ಇದು ಗೊತ್ತಿರುತ್ತೆ. ಚಿಲ್ಲರೆ ಇಲ್ಲದಿದ್ದರೆ ಕಂಡಕ್ಟರ್ ಟಿಕೆಟ್ಟಿನ ಹಿಂದೆ ಬಾಕಿ ಬರೆದುಕೊಡುತ್ತಾರೆ. ಇಳಿಯುವಾಗ ತೋರಿಸಿ ಇಸ್ಕೊಳ್ಳಬೇಕು. ಒಂದೊಂದು ಪುಸ್ತಕ ಮುಗಿದಾಗಲೂ ಅಪ್ಪ ಹಳೇ ಅಂಕಿ ಹೊಡೆದುಹಾಕಿ ಹೊಸದು ಬರೆಯುತ್ತಿದ್ದರು. ಜಾಗ ತುಂಬಿದರೆ ಅಮ್ಮನ ಇನ್ನೊಂದು ಟಿಕೆಟ್.

ಲೆಕ್ಕ ಹಾಕಿದರೆ ಇದು ದೊಡ್ಡ ಗುರಿಯೇನಲ್ಲ. ಪುಸ್ತಕಕ್ಕೆ 200 ಪುಟ ಅಂದುಕೊಂಡರೆ 24ಕ್ಕೆ 4,800 ಪುಟ. ದಿನಕ್ಕೆ 13 ಪುಟ ಓದಿದರೆ ಹೆಚ್ಚುಕಡಿಮೆ ಸಾಕು. ವಿಜಯನಗರದಲ್ಲಿ ಮೆಟ್ರೋ ಹತ್ತಿ ಇಂದಿರಾನಗರದಲ್ಲಿ ಇಳಿಯೋ ಹೊತ್ತಿಗೆ ಅಷ್ಟು ಆಗಿಬಿಡುತ್ತಿತ್ತು. ಮೆಜೆಸ್ಟಿಕ್ಕಿನಲ್ಲಿ ಜನ ನುಗ್ಗಿದಾಗ ಮಾತ್ರ ಪುಸ್ತಕ ಎದೆಗೊತ್ತಿಕೊಂಡು ನಿಲ್ಲಬೇಕು. ಸರ್ ಎಂ. ವಿಶ್ವೇಶ್ವರಯ್ಯ ಸ್ಟೇಷನ್ ದಾಟಿದ ಮೇಲೆ ಮತ್ತೆ ತೆಗೆಯಬಹುದು. ಜೂನ್ ಕೊನೆಗೆ ಬಾಕಿ 13ಕ್ಕೆ ಬಂದಿತ್ತು.

ಜುಲೈನಲ್ಲಿ ಅಪ್ಪನ ಬಲಗಣ್ಣಿನ ಮುಂದೆ ಕಪ್ಪು ದಾರದ ಹಾಗೆ ಏನೋ ತೇಲಾಡತೊಡಗಿತು. ನಾಲ್ಕೇ ದಿನಕ್ಕೆ ಮಬ್ಬು. ಇಪ್ಪತ್ತು ವರ್ಷದಿಂದ ಸಕ್ಕರೆ ಕಾಯಿಲೆ ಇದೆ. ಕಣ್ಣಿನ ಹಿಂಭಾಗದ ಸಣ್ಣ ರಕ್ತನಾಳಗಳು ಸೋರಿ ಒಳಗೆ ರಕ್ತ ತುಂಬಿದೆ ಅಂದರು ಡಾಕ್ಟರು. ಎಡಗಣ್ಣಿನಲ್ಲೂ ಶುರುವಾಗಿತ್ತು. ನೋವೇ ಇರಲಿಲ್ಲ, ಹಾಗಾಗಿ ನಮಗೆ ಯಾರಿಗೂ ಗೊತ್ತಾಗಲಿಲ್ಲ. ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಮನೆಯಲ್ಲಿ ಸಕ್ಕರೆ ಕಾಯಿಲೆ ಇರುವವರಿದ್ದರೆ ವರ್ಷಕ್ಕೊಮ್ಮೆ ರೆಟಿನಾ ಪರೀಕ್ಷೆ ಮಾಡಿಸಿ. ಕನ್ನಡಕದ ನಂಬರ್ ನೋಡಿಸೋದು ಬೇರೆ, ಇದು ಬೇರೆ. ನಾವು ಮಾಡಿಸಿರಲಿಲ್ಲ.

ಇಂಜೆಕ್ಷನ್, ಲೇಸರ್, ಆಟೋ, ಸಾಲು. ಒಂದು ತಿಂಗಳು ನಾನು ಒಂದು ಪುಟವನ್ನೂ ಓದಲಿಲ್ಲ. ಅಪ್ಪ ಓದೋಕೆ ಆಗದೆ ಕೂತಿರುವಾಗ ಅವರ ಮುಂದೆ ಪುಸ್ತಕ ಹಿಡಿಯೋಕೆ ಕೈ ಬರುತ್ತಿರಲಿಲ್ಲ. ಈ ವರ್ಷ ಬೇಡ, ಬಿಟ್ಟುಬಿಡ್ತೀನಿ ಅಂದೆ. ಅಪ್ಪ ಅಂದರು, "ಬಿಡೋದ್ಯಾಕೆ ಮಗಾ? ನೀನು ಓದು, ನಾನು ಕೇಳ್ತೀನಿ."

ಹಾಗೆ ಶುರುವಾಯಿತು. ರಾತ್ರಿ ಎಂಟೂವರೆಯಿಂದ ಒಂಬತ್ತೂವರೆ. ಮೊದಲು ತೇಜಸ್ವಿಯವರ 'ಕರ್ವಾಲೊ'. ಗಟ್ಟಿಯಾಗಿ ಓದಿ ನನಗೆ ಅಭ್ಯಾಸವೇ ಇರಲಿಲ್ಲ. ನಾಲ್ಕು ಪುಟಕ್ಕೆ ಗಂಟಲು ಒಣಗುತ್ತಿತ್ತು. ಕಣ್ಣಲ್ಲಿ ಓದುವಾಗ ಹಾರಿಸಿಕೊಂಡು ಹೋಗುತ್ತಿದ್ದ ಸಾಲುಗಳನ್ನು ಈಗ ಹಾರಿಸೋ ಹಾಗಿರಲಿಲ್ಲ. ಮಂದಣ್ಣ ಬಂದ ಕಡೆಯೆಲ್ಲ ಅಪ್ಪ ನಕ್ಕರು. ಜುಲೈ ಆದಮೇಲೆ ಅವರು ನಕ್ಕಿದ್ದು ಆವತ್ತೇ. ಅಡುಗೆಮನೆಯಿಂದ ಅಮ್ಮ ಬಾಣಲೆ ಕೆಳಗಿಟ್ಟು ಬಂದು ಬಾಗಿಲಲ್ಲಿ ನಿಂತರು. ಆ ನಗು ವಾಪಸ್ ಕೊಟ್ಟಿದ್ದಕ್ಕೆ ಆ ಪುಸ್ತಕಕ್ಕೆ ನಾನು ಯಾವತ್ತೂ ಋಣಿ.

ಆಮೇಲೆ ಅಪ್ಪ ಕೇಳಿದ್ದು 'ಮಲೆಗಳಲ್ಲಿ ಮದುಮಗಳು'. ಕುವೆಂಪು ಅವರ ಈ ಕಾದಂಬರಿ ಬಂದದ್ದು 1967ರಲ್ಲಿ. ಏಳುನೂರು ಪುಟ ದಾಟುತ್ತದೆ. ರಾತ್ರಿಗೆ ಹದಿನೈದು ಪುಟದ ಹಾಗೆ ಸೆಪ್ಟೆಂಬರಿನಿಂದ ಅಕ್ಟೋಬರ್ ಕೊನೆಯವರೆಗೂ ಓದಿದೆವು. ಗುತ್ತಿಯ ನಾಯಿ ಹುಲಿಯನ ಮೇಲೆ ಅಪ್ಪನಿಗೆ ಎಷ್ಟು ಅಕ್ಕರೆ ಅಂದರೆ, ಎರಡು ಅಧ್ಯಾಯ ಅದರ ಸುದ್ದಿ ಬರದಿದ್ದರೆ "ನಾಯಿ ಎಲ್ಲಿ ಹೋಯ್ತು?" ಅಂತ ಕೇಳುತ್ತಿದ್ದರು. ಹುಲಿಯನ ಕೊನೆ ಬಂದ ರಾತ್ರಿ ನನಗೆ ಓದೋಕೆ ಆಗಲಿಲ್ಲ. ನನ್ನ ಮಗಳು, ಐದನೇ ಕ್ಲಾಸು, ಪುಸ್ತಕ ಇಸ್ಕೊಂಡು ಅಕ್ಷರ ಕೂಡಿಸಿ ಕೂಡಿಸಿ ಆ ಪುಟ ಮುಗಿಸಿದಳು. ಕನ್ನಡ ಓದೋದು ಅವಳಿಗೆ ಕಷ್ಟ ಅಂತ ಅಲ್ಲಿಯವರೆಗೂ ಅಂದುಕೊಂಡಿದ್ದೆ. ಮಗಳೇ, ನಿನಗೂ ಧನ್ಯವಾದ.

ಇಷ್ಟು ದಪ್ಪ ಪುಸ್ತಕವನ್ನು ಮೂರು ಅಂತ ಲೆಕ್ಕ ಹಿಡಿ ಅಂತ ಆಫೀಸಿನ ಗೆಳತಿಯರು ಹೇಳಿದರು. ನನಗೂ ಆಸೆಯಾಯಿತು. ಅಪ್ಪ ಒಪ್ಪಲಿಲ್ಲ. "ಪಕ್ಕದ ಸ್ಟಾಪಿಗೂ ಒಂದು ಟಿಕೆಟ್, ಕೊನೇ ಸ್ಟಾಪಿಗೂ ಒಂದೇ ಟಿಕೆಟ್. ದುಡ್ಡು ಜಾಸ್ತಿ ಆಗಬೋದು, ಟಿಕೆಟ್ ಎರಡಾಗಲ್ಲ." ಇನ್ನೊಬ್ಬರಿಗೆ ಓದಿ ಹೇಳಿದ್ದು ಓದಿದ ಲೆಕ್ಕಕ್ಕೆ ಬರುತ್ತಾ ಅಂತಲೂ ಒಬ್ಬರು ಕೇಳಿದ್ದರು. ಅದಕ್ಕೆ ಅಪ್ಪ ಮದ್ದೂರಿನ ಕಡೆಯ ತಮ್ಮೂರಿನ ಕಥೆ ಹೇಳಿದರು. ಜಗಲಿ ಮೇಲೆ ಒಬ್ಬರು ಕುಮಾರವ್ಯಾಸನ ಭಾರತ ಓದಿದರೆ ಅರ್ಧ ಊರು ಕೂತು ಕೇಳುತ್ತಿತ್ತಂತೆ. ಅಕ್ಷರ ಬಾರದ ಅವರ ಅಜ್ಜಿಗೂ ಪದ್ಯಗಳು ಬಾಯಿಗೆ ಬರುತ್ತಿದ್ದವಂತೆ.

ಆ ಒಂದು ಗಂಟೆ ನನಗೆ ಸಿಕ್ಕಿದ್ದು ನಮ್ಮ ಮನೆಯವರಿಂದ. ನಾಲ್ಕು ತಿಂಗಳು ರಾತ್ರಿಯ ಪಾತ್ರೆ, ಮಗಳ ಹೋಂವರ್ಕ್, ಬೆಳಗಿನ ದೋಸೆ ಹಿಟ್ಟು, ಎಲ್ಲ ಅವರೇ ನೋಡಿಕೊಂಡರು. ಒಂದು ದಿನವೂ ನೆನಪಿಸಿ ಹೇಳಲಿಲ್ಲ. ಆಫೀಸಿನವರಿಗೂ ಧನ್ಯವಾದ. ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರಿಗೆ ಅಂತರರಾಷ್ಟ್ರೀಯ ಬೂಕರ್ ಬಂದಾಗ, ಕನ್ನಡ ಬಾರದ ಸಹೋದ್ಯೋಗಿಗಳು ಊಟದ ಹೊತ್ತಿನಲ್ಲಿ ನನ್ನ ಸುತ್ತ ಕೂತು ಕನ್ನಡ ಕಥೆಗಳ ಬಗ್ಗೆ ಕೇಳಿದರು. ಆವತ್ತು ಆದ ಖುಷಿ ಬಹಳ ದಿನ ಇತ್ತು.

ಹಂಪಿನಗರದ ಗ್ರಂಥಾಲಯದ ಸಿಬ್ಬಂದಿಗೆ ದೊಡ್ಡ ನಮಸ್ಕಾರ. 24ರಲ್ಲಿ ಒಂಬತ್ತು ಪುಸ್ತಕ ಅಲ್ಲಿಯವೇ. ನಾವು ಕಟ್ಟುವ ಮನೆ ಕಂದಾಯದ ಜೊತೆ ಶೇ. 6ರಷ್ಟು ಗ್ರಂಥಾಲಯ ಕರವೂ ಸೇರಿರುತ್ತದೆ. ಹಾಗಾಗಿ ಈ ಊರಿನಲ್ಲಿ ಕಂದಾಯ ಕಟ್ಟುವ ಎಲ್ಲರೂ ನನಗೆ ಪುಸ್ತಕ ಕೊಟ್ಟ ಹಾಗೇ ಆಯಿತು. ನಿಮಗೂ ಧನ್ಯವಾದ. ಗಾಂಧಿ ಬಜಾರಿನ ಪುಸ್ತಕದಂಗಡಿಯವರು ನವೆಂಬರಿನ ರಾಜ್ಯೋತ್ಸವ ರಿಯಾಯಿತಿಯಲ್ಲಿ ಚೆನ್ನಾಗಿರೋ ತೆಳ್ಳಗಿನ ಪುಸ್ತಕಗಳನ್ನು ತಾವೇ ಆರಿಸಿಕೊಟ್ಟರು. ಕೊನೆಯ ಎರಡು ತಿಂಗಳು ದಡ ಮುಟ್ಟಿಸಿದ್ದು ಅವೇ. ಮೆಟ್ರೋದಲ್ಲಿ ನಾನು ನಿಂತು ಓದುವುದನ್ನು ನೋಡಿ "ಅಕ್ಕಾ, ಕೂತ್ಕೊಳಿ" ಅಂತ ಜಾಗ ಬಿಟ್ಟ ಹುಡುಗಿ ಯಾರೋ ಗೊತ್ತಿಲ್ಲ. ಅವಳು ಚೆನ್ನಾಗಿರಲಿ.

ಅಪ್ಪನ ಎಡಗಣ್ಣು ಈಗ ಪರವಾಗಿಲ್ಲ. ಪೇಪರಿನ ದೊಡ್ಡಕ್ಷರ ಓದುತ್ತಾರೆ. ಬಲಗಣ್ಣಿಗೆ ಇನ್ನೂ ಚಿಕಿತ್ಸೆ ನಡೀತಿದೆ. 28ನೇ ತಾರೀಕು ಕೊನೆಯ ಪುಟ ಓದಿ ಪುಸ್ತಕ ಮುಚ್ಚಿದಾಗ ಅವರು ಕೈ ಚಾಚಿದರು. ಟಿಕೆಟ್ ಕೊಟ್ಟೆ. ಕಣ್ಣಿಗೆ ಹತ್ತಿರ ಹಿಡಿದು, 'ಬಾಕಿ 1' ಇದ್ದ ಜಾಗ ಹುಡುಕಿ, ಮಗಳ ಸ್ಕೆಚ್ ಪೆನ್ನಿನಿಂದ ಉದ್ದಕ್ಕೆ ಒಂದು ಗೆರೆ ಎಳೆದರು. "ಚುಕ್ತಾ" ಅಂದರು. ಆಮೇಲೆ ಅಮ್ಮನನ್ನು ಕರೆದು, ಮಾರ್ಕೆಟ್ಟಿಗೆ ಮತ್ತೆ ಯಾವಾಗ ಹೋಗ್ತೀಯ ಅಂತ ಕೇಳಿದರು.